ಮಗು ಯಾರ ಹತ್ತಿರ ಹೇಳಿಕೊಳ್ಳಬೇಕು?

ಒಬ್ಬರು ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕರು. ಇನ್ನೊಬ್ಬರು ಅದೇ ಶಾಲೆಯಲ್ಲಿ ಅವರ ಕೈಕೆಳಗೆ ಓದಿ, ಈಗ ಶಾಲಾ ಮಕ್ಕಳ ಆಪ್ತ ಸಮಾಲೋಚಕಿಯಾಗಿರುವವರು. ಶಾಲೆ ಬಿಟ್ಟ ಮೇಲೆ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಇಬ್ಬರ ನಡುವೆ ನಡೆದ ಮಾತುಕತೆ ಇದು.

ಮೇಷ್ಟ್ರು: ನೋಡಮ್ಮ, ನೇರವಾಗಿ ಕೇಳ್ತೀನಿ. ಇಷ್ಟು ವರ್ಷ ಮಕ್ಕಳ ನಡುವೆಯೇ ಇದ್ದೀವಿ. ಒಂದು ಮಗು ಮಂಕಾಗಿದ್ದರೆ ಹಾಜರಿ ಕೂಗುವಾಗಲೇ ಗೊತ್ತಾಗುತ್ತೆ. ಕರೆದು ವಿಚಾರಿಸ್ತೀವಿ, ಧೈರ್ಯ ಹೇಳ್ತೀವಿ. ಇದಕ್ಕೆ ಅಂತಲೇ ಶಾಲೆಯಲ್ಲಿ ಬೇರೆ ಒಬ್ಬರು ಬೇಕೇ?

ಸಮಾಲೋಚಕಿ: ಬೇಕು ಸರ್. ಮಗುವಿನ ಮುಖ ನೋಡಿ ತಿಳಿಯೋದರಲ್ಲಿ ನಿಮ್ಮನ್ನು ಮೀರಿಸೋರು ಯಾರೂ ಇಲ್ಲ. ಆದರೆ ಮಗುವೂ ನಿಮ್ಮ ಮುಖ ನೋಡ್ತಿರುತ್ತೆ. ಆಂತರಿಕ ಅಂಕ ಹಾಕೋದು ನೀವು, ಅಪ್ಪನನ್ನು ಕರೆಸೋದು ನೀವು, ಟಿ.ಸಿ. ಬರೆಯೋದೂ ನೀವೇ. ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಿಂತ ಮಗು, ನೀವು ‘ಏನಾಯ್ತು?’ ಅಂತ ಕೇಳಿದರೆ ‘ಏನಿಲ್ಲ ಸರ್’ ಅಂತಲೇ ಹೇಳೋದು.

ಮೇಷ್ಟ್ರು: ಅದು ನಮ್ಮ ಮೇಲಿನ ಗೌರವ.

ಸಮಾಲೋಚಕಿ: ಗೌರವವೂ ಹೌದು, ಭಯವೂ ಹೌದು. ಗೌರವ ಇದ್ದಷ್ಟೂ ‘ಸರ್ ಕಣ್ಣಲ್ಲಿ ನಾನು ಚಿಕ್ಕವನಾಗಬಾರದು’ ಅನ್ನೋದೂ ಹೆಚ್ಚು. ಬಿಹಾರದ ನಾಲಂದಾ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನದಲ್ಲಿ ಈ ಕೆಲಸ ಮೇಷ್ಟ್ರೇ ಮಾಡಬೇಕಾ, ಬೇರೆಯವರಾ ಅನ್ನೋದನ್ನು ಪರೀಕ್ಷೆ ಮಾಡಿ ನೋಡಿದರು. ಗೋವಾದ ಸಂಗಾತ್ ಸಂಸ್ಥೆಯವರು ನಡೆಸಿದ್ದು, ಹೆಸರು ‘ಸೆಹೆರ್’. ಎಪ್ಪತ್ತಕ್ಕೂ ಹೆಚ್ಚು ಪ್ರೌಢಶಾಲೆಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಶಾಲೆಗಳಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕ ಇರ್ತಿದ್ದ. ಎರಡನೆಯ ಗುಂಪಿನಲ್ಲಿ ಅದೇ ಕೆಲಸವನ್ನು ಆ ಶಾಲೆಯ ಮೇಷ್ಟ್ರೇ ತರಬೇತಿ ಪಡೆದು ಮಾಡ್ತಿದ್ದರು. ಮೂರನೆಯ ಗುಂಪಿನಲ್ಲಿ ಮೊದಲಿಂದ ಇದ್ದ ಪಾಠ ಮಾತ್ರ. ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸಮಾಲೋಚಕರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆಯ ಲಕ್ಷಣ, ಒಬ್ಬರನ್ನೊಬ್ಬರು ಪೀಡಿಸೋದು, ಹೊಡೆದಾಟ ಎಲ್ಲವೂ ಕಡಿಮೆಯಾಗಿತ್ತು. ಮೇಷ್ಟ್ರೇ ಮಾಡಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಮೇಷ್ಟ್ರು: ಅಂದರೆ ಮೇಷ್ಟ್ರುಗಳು ಸರಿಯಾಗಿ ಮಾಡಲಿಲ್ಲ ಅಂತ ನಮ್ಮ ತಲೆಗೆ ಕಟ್ಟಿದರೋ?

ಸಮಾಲೋಚಕಿ: ಹಾಗಲ್ಲ ಸರ್. ನಾನು ಅದನ್ನು ಓದಿಕೊಳ್ಳೋದು ಹೀಗೆ: ಕೆಲಸ ಒಂದೇ ಆದರೂ ಕುರ್ಚಿ ಬೇರೆ. ಬೆಳಿಗ್ಗೆ ಪಾಠ ಒಪ್ಪಿಸಲಿಲ್ಲ ಅಂತ ನಿಲ್ಲಿಸಿದವರ ಹತ್ತಿರ ಮಧ್ಯಾಹ್ನ ಮನೆಯ ಗುಟ್ಟು ಹೇಳೋಕೆ ಮಗುವಿಗೆ ಆಗಲ್ಲ. ಜೊತೆಗೆ ಸಮಯದ ಮಾತೂ ಇದೆ. ಪಾಠ, ಬಿಸಿಯೂಟದ ಲೆಕ್ಕ, ಇಲಾಖೆಯ ಸ್ಯಾಟ್ಸ್ ಜಾಲತಾಣಕ್ಕೆ ಮಕ್ಕಳ ಮಾಹಿತಿ ತುಂಬೋದು, ಚುನಾವಣೆ ಬಂದರೆ ಬೂತು, ಗಣತಿ ಬಂದರೆ ಮನೆಮನೆ. ಇದರ ಮಧ್ಯೆ ಒಂದು ಮಗುವಿನ ಎದುರು ಮುಕ್ಕಾಲು ಗಂಟೆ ಸುಮ್ಮನೆ ಕೂತುಕೊಳ್ಳಿ ಅಂತ ನಿಮಗೆ ಹೇಳೋದು ಅನ್ಯಾಯ.

ಮೇಷ್ಟ್ರು: ನಮ್ಮ ನಿಮ್ಹಾನ್ಸ್‌ನವರೇ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟು ಜೀವನ ಕೌಶಲ್ಯದ ಪಾಠ ಮಾಡಿಸಿದರಲ್ಲ? ಅದರಿಂದ ಒಳ್ಳೆಯದಾಯಿತು ಅಂತಲೇ ಕೇಳಿದ್ದೆ.

ಸಮಾಲೋಚಕಿ: ಆಯಿತು ಸರ್. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಹತ್ತು ಜೀವನ ಕೌಶಲ್ಯಗಳಿವೆ: ಯೋಚಿಸಿ ನಿರ್ಧಾರ ತೆಗೆದುಕೊಳ್ಳೋದು, ಕೋಪ ಬಂದಾಗ ತಡೆದುಕೊಳ್ಳೋದು, ಬೇಡ ಅನ್ನಿಸಿದ್ದಕ್ಕೆ ಬೇಡ ಅನ್ನೋದು, ಹೀಗೆ. ನಿಮ್ಹಾನ್ಸ್ ಅದನ್ನು ಪ್ರೌಢಶಾಲೆಯ ಮಕ್ಕಳಿಗೆ ಹೊಂದುವಂತೆ ಚಟುವಟಿಕೆಗಳಾಗಿ ರೂಪಿಸಿತು. ಮೇಷ್ಟ್ರುಗಳೇ ಅದನ್ನು ನಡೆಸಿದರು, ಮಕ್ಕಳ ಆತ್ಮವಿಶ್ವಾಸ ಹೆಚ್ಚಿತು ಅಂತ 2010ರಲ್ಲಿ ಅವರ ವರದಿಯೂ ಬಂತು. ಯಾಕೆಂದರೆ ಅದು ಕಲಿಸೋ ಕೆಲಸ. ಇಡೀ ತರಗತಿಗೆ ಒಟ್ಟಿಗೆ ಕಲಿಸಬಹುದಾದ್ದು, ನಿಮಗೆ ಕರತಲಾಮಲಕ. ನಾನು ಹೇಳ್ತಿರೋದು ಒಂದು ಮಗು ಒಬ್ಬಂಟಿಯಾಗಿ ಬಂದು ಹೇಳಿಕೊಳ್ಳೋ ಮಾತಿನ ಬಗ್ಗೆ.

ಮೇಷ್ಟ್ರು: ಅಂಥ ಮಕ್ಕಳು ಎಷ್ಟಿರ್ತಾರೆ? ಹರೆಯ ಅಂದಮೇಲೆ ಅಳು, ಸಿಟ್ಟು, ಮುನಿಸು ಇದ್ದದ್ದೇ. ಎಲ್ಲದಕ್ಕೂ ಕಾಯಿಲೆಯ ಹೆಸರು ಇಟ್ಟುಬಿಟ್ಟರೆ ಆ ಮಗು ಅದೇ ಹಣೆಪಟ್ಟಿ ಹೊತ್ತುಕೊಂಡು ಬೆಳೆಯುತ್ತೆ. ನನ್ನ ನಿಜವಾದ ಹೆದರಿಕೆ ಇದು.

ಸಮಾಲೋಚಕಿ: ನಿಮ್ಮ ಹೆದರಿಕೆ ಸರಿ ಇದೆ. ಮೊದಲು ಲೆಕ್ಕ ಹೇಳ್ತೀನಿ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ದೊಡ್ಡ ನಗರಗಳಲ್ಲಿ ಅದು ಶೇ 13.5. ನಿಮ್ಮ ಶಾಲೆಗೆ ಹಿಡಿದು ನೋಡಿ: ಅರವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ಕು ಮಂದಿ. ಉಳಿದ ಐವತ್ತಾರು ಮಂದಿಗೆ ಕಾಯಿಲೆ ಇಲ್ಲ, ಆದರೆ ಕಷ್ಟ ಇಲ್ಲದೇ ಇರಲ್ಲ. ಅಪ್ಪನ ಕುಡಿತ, ಅಮ್ಮನ ಸಾಲ, ಹತ್ತನೇ ತರಗತಿ ಮುಗಿಯೋ ಮುಂಚೆಯೇ ಶುರುವಾಗೋ ಮದುವೆಯ ಮಾತು, ಫೋನಿನಲ್ಲಿ ಯಾರೋ ಹಾಕಿದ ಒಂದು ಫೋಟೊ. ಅವರಿಗೆ ಬೇಕಾದ್ದು ಔಷಧ ಅಲ್ಲ, ಕಾಯಿಲೆಯ ಹೆಸರೂ ಅಲ್ಲ. ಹೇಳಿಕೊಳ್ಳೋಕೆ ಒಬ್ಬರು. ಕೇಳಿಸಿಕೊಳ್ಳೋರು ಹತ್ತಿರದಲ್ಲೇ ಇದ್ದರೆ ಯಾವುದು ಹರೆಯದ ಮುನಿಸು, ಯಾವುದು ವೈದ್ಯರ ಹತ್ತಿರ ಹೋಗಬೇಕಾದ್ದು ಅನ್ನೋದು ಬೇರೆಯಾಗುತ್ತೆ. ಯಾರೂ ಇಲ್ಲದ ಕಡೆಯೇ ಹಣೆಪಟ್ಟಿ ಹೆಚ್ಚು: ‘ಸೋಮಾರಿ’, ‘ನಾಟಕ ಆಡ್ತಾಳೆ’, ‘ತಲೆಹರಟೆ’.

ಮೇಷ್ಟ್ರು: ಹೂಂ. ಅವು ನಮ್ಮ ಸ್ಟಾಫ್ ರೂಮಿನಲ್ಲೂ ದಿನಾ ಕೇಳಿಬರೋ ಪದಗಳೇ. ಆದರೆ ಬರೀ ಕೇಳಿಸಿಕೊಂಡರೆ ಆಗೋದೇನು? ಅಪ್ಪನ ಕುಡಿತ ನೀನು ಬಿಡಿಸ್ತೀಯಾ?

ಸಮಾಲೋಚಕಿ: ಬಿಡಿಸೋಕೆ ಆಗದೇ ಇರಬಹುದು. ಆದರೂ ಕೇಳಿಸಿಕೊಂಡಾಗ ಏನು ಮಾಡಬೇಕು ಅನ್ನೋದು ತಿಳಿಯುತ್ತೆ. ವಸತಿ ಶಾಲೆಗಳಲ್ಲಿ ನಾವು ಮತ್ತೆ ಮತ್ತೆ ನೋಡೋ ಒಂದು ವಿಷಯ ಹೇಳ್ತೀನಿ. ಆರನೇ ತರಗತಿಗೆ ಸೇರಿದ ಹುಡುಗ. ಹನ್ನೊಂದು ವರ್ಷ, ಮನೆ ಬಿಟ್ಟು ಮಲಗಿದ್ದು ಅದೇ ಮೊದಲು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ತಾನೆ. ಬೆಳಿಗ್ಗೆ ಹಾಸ್ಟೆಲಿನವರು ಆ ಹಾಸಿಗೆಯನ್ನು ಅವನ ಕೈಲೇ ಅಂಗಳಕ್ಕೆ ಹೊರಿಸಿ ಎಲ್ಲರೆದುರು ಒಣಗಹಾಕಿಸ್ತಾರೆ. ನಾಚಿಕೆಯಾದರೆ ನಿಲ್ಲಿಸ್ತಾನೆ ಅಂತ ಅವರ ನಂಬಿಕೆ. ಹುಡುಗರು ಅಡ್ಡಹೆಸರು ಇಡ್ತಾರೆ. ಅವನು ಸಾಯಂಕಾಲದಿಂದಲೇ ನೀರು ಕುಡಿಯೋದು ಬಿಡ್ತಾನೆ, ರಾತ್ರಿ ನಿದ್ದೆ ತಡೀತಾನೆ, ತರಗತಿಯಲ್ಲಿ ತೂಕಡಿಸ್ತಾನೆ. ಮೇಷ್ಟ್ರ ಹತ್ತಿರ ದೂರು ಬರೋದು ಯಾವುದು? ‘ಪಾಠದಲ್ಲಿ ಗಮನ ಇಲ್ಲ.’

ಮೇಷ್ಟ್ರು: ಅದರ ಹಿಂದೆ ಇಷ್ಟೆಲ್ಲ ಇದೆ ಅಂತ ಯಾರಿಗೂ ತಿಳಿಯಲ್ಲ. ನೀನು ಅವನಿಗೆ ಏನು ಹೇಳ್ತೀಯ?

ಸಮಾಲೋಚಕಿ: ಮೊದಲು ಅವನು ಹೇಳಲಿ ಅಂತ ಕಾಯ್ತೀನಿ. ಬುದ್ಧಿವಾದಕ್ಕೆ ಅವಸರ ಮಾಡಲ್ಲ. ಆಮೇಲೆ ‘ಈ ವಯಸ್ಸಲ್ಲಿ ಇದು ಬೇಕಾದಷ್ಟು ಮಕ್ಕಳಿಗೆ ಆಗುತ್ತೆ ಕಣೋ, ನಿನ್ನ ತಪ್ಪಲ್ಲ’ ಅಂತೀನಿ. ಆ ಒಂದು ಮಾತಿಗೆ ಮಗುವಿನ ಭುಜ ಇಳಿಯೋದು ಕಣ್ಣಿಗೆ ಕಾಣುತ್ತೆ. ಮುಂಚೆ ಇಲ್ಲದ್ದು ಈಗ ಹೊಸದಾಗಿ ಶುರುವಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಇಲ್ಲ ಅಂತ ಖಾತ್ರಿಯಾಗಬೇಕು. ಯಾರಾದರೂ ಅವನನ್ನು ಹೆದರಿಸ್ತಿದ್ದಾರಾ, ಮೈ ಮುಟ್ಟಿ ಹಿಂಸೆ ಕೊಡ್ತಿದ್ದಾರಾ ಅನ್ನೋದನ್ನು ಮೆಲ್ಲಗೆ ಕೇಳಿ ತಿಳಿಯಬೇಕು. ಇಷ್ಟು ಹುಡುಗನ ಕಡೆಯ ಕೆಲಸ. ಅದಕ್ಕಿಂತ ದೊಡ್ಡದು ಶಾಲೆಯ ಕಡೆಯದು: ಹಾಸಿಗೆ ಹೊರಿಸೋದು ಅವತ್ತೇ ನಿಲ್ಲಬೇಕು. ವಾರ್ಡನ್ ಮಲಗೋ ಮುಂಚೆ ಅವನನ್ನು ಒಮ್ಮೆ ಎಬ್ಬಿಸಬೇಕು. ಶೌಚಾಲಯದ ದಾರಿಯಲ್ಲಿ ಒಂದು ದೀಪ ಉರೀಬೇಕು. ಕತ್ತಲಿಗೆ ಹೆದರಿ ಎದ್ದು ಹೋಗದ ಮಕ್ಕಳು ಎಷ್ಟೋ ಮಂದಿ ಇರ್ತಾರೆ ಸರ್.

ಮೇಷ್ಟ್ರು: ಅರ್ಧ ಸಮಸ್ಯೆ ಮಗುವಿನ ಮನಸ್ಸಿನಲ್ಲಿ ಇಲ್ಲವೇ ಇಲ್ಲ, ನಮ್ಮ ಪದ್ಧತಿಯಲ್ಲಿದೆ ಅಂತೀಯ.

ಸಮಾಲೋಚಕಿ: ಅದೇ ನನ್ನ ಮಾತಿನ ಸಾರ. ಮಗುವನ್ನು ಮಾತ್ರ ಸರಿಮಾಡಿ ಅದೇ ಅಂಗಳಕ್ಕೆ ವಾಪಸ್ ಕಳಿಸಿದರೆ ಪ್ರಯೋಜನ ಇಲ್ಲ. ನಾಲಂದಾದ ಸಮಾಲೋಚಕರೂ ಒಂದು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿರಲಿಲ್ಲ. ಪ್ರಾರ್ಥನೆಯಲ್ಲಿ ಮಾತಾಡಿದರು, ಗೋಡೆ ಪತ್ರಿಕೆ ಮಾಡಿಸಿದರು, ಮಕ್ಕಳು ಚೀಟಿ ಬರೆದು ಹಾಕೋಕೆ ಪೆಟ್ಟಿಗೆ ಇಟ್ಟರು, ಶಾಲೆಯ ವಾತಾವರಣವನ್ನೇ ಹಿಡಿದು ಕೆಲಸ ಮಾಡಿದರು. ನಿಮ್ಮ ಶಾಲೆಯಲ್ಲೂ ಸಲಹಾ ಪೆಟ್ಟಿಗೆ ಇದೆಯಲ್ಲ ಸರ್, ಅದರಲ್ಲಿ ಚೀಟಿ ಬೀಳ್ತಾ ಇದೆಯಾ?

ಮೇಷ್ಟ್ರು: ಅಪರೂಪಕ್ಕೆ. ಅದೂ ಕುಡಿಯೋ ನೀರು, ಫ್ಯಾನು ಅಂತ.

ಸಮಾಲೋಚಕಿ: ಎಲ್ಲಿ ತೂಗುಹಾಕಿದ್ದೀರಿ? ಬೀಗದ ಕೈ ಯಾರ ಹತ್ತಿರ ಇದೆ?

ಮೇಷ್ಟ್ರು: ನನ್ನ ಕೊಠಡಿಯ ಬಾಗಿಲ ಪಕ್ಕ. ಬೀಗದ ಕೈ ನನ್ನ ಮೇಜಿನ ಡ್ರಾಯರ್‌ನಲ್ಲಿ.

ಸಮಾಲೋಚಕಿ: ಹಾಗಿದ್ದರೆ ನೀರು, ಫ್ಯಾನು ಬಿಟ್ಟು ಬೇರೇನು ಬೀಳೋಕೆ ಸಾಧ್ಯ ಸರ್? ಶಿಕ್ಷಕರ ಕಣ್ಣಿಗೆ ಬೀಳದ ಕಡೆ ಅದು ಇರಬೇಕು. ಮಕ್ಕಳೇ ಆರಿಸಿದ ಒಬ್ಬರ ಎದುರು ವಾರಕ್ಕೊಮ್ಮೆ ತೆಗೀಬೇಕು. ಹೆಸರು ಹಾಕದೆಯೂ ಬರೀಬಹುದು ಅಂತ ಪದೇ ಪದೇ ಹೇಳಬೇಕು. ಬಂದ ಚೀಟಿಗೆ ಏನು ಕ್ರಮ ಆಯ್ತು ಅನ್ನೋದು, ಬರೆದವರು ಯಾರು ಅಂತ ಗೊತ್ತಾಗದ ಹಾಗೆ, ಮಕ್ಕಳಿಗೆ ತಿಳೀಬೇಕು.

ಮೇಷ್ಟ್ರು: ಸರಿ. ಇನ್ನೊಂದು ಮಾತು. ಬೆಳಿಗ್ಗೆ ಪ್ರಾರ್ಥನೆ ಆದಮೇಲೆ ಹತ್ತು ನಿಮಿಷ ಧ್ಯಾನ ಮಾಡಿಸ್ತೀವಿ. ಮನಸ್ಸಿಗೆ ಅದೂ ಒಳ್ಳೆಯದೇ ತಾನೇ?

ಸಮಾಲೋಚಕಿ: ಮಾಡಿಸಿ ಸರ್, ನಿಲ್ಲಿಸಬೇಡಿ. ಆದರೆ ಅದೊಂದೇ ಸಾಕು ಅನ್ನೋ ಸಮಾಧಾನ ಬೇಡ. ಬ್ರಿಟನ್ನಿನಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. 11ರಿಂದ 14 ವರ್ಷದವರಿಗೆ ತರಗತಿಯಲ್ಲಿ ಧ್ಯಾನದ ರೀತಿಯ ಪಾಠ ಮಾಡಿಸಿ ನೋಡಿದಾಗ, ಮಾಮೂಲಿ ಪಾಠಕ್ಕಿಂತ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. 2022ರಲ್ಲಿ ವರದಿ ಬಂತು. ಎಲ್ಲರಿಗೂ ಒಂದೇ ಮದ್ದು ಹಂಚಿ, ಒಳಗೊಳಗೇ ನರಳ್ತಿರೋ ಮಗುವಿಗೂ ಅದು ತಲುಪಿತು ಅಂತ ತಿಳಿಯೋದು ತಪ್ಪಾಗುತ್ತೆ.

ಮೇಷ್ಟ್ರು: ಈಗ ನನಗೆ ಕೇಳೋಕೆ ಕಷ್ಟವಾಗೋ ಪ್ರಶ್ನೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಹತ್ತಿರ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತೆ. ಯಾವ ಮಗು ಏನು ಮಾಡಿಕೊಳ್ಳುತ್ತೋ ಅಂತ. ಅಂಥ ಯೋಚನೆ ಇದೆಯಾ ಅಂತ ಮಗುವನ್ನು ಕೇಳೋಕೆ ಬಾಯಿ ಬರಲ್ಲ. ಇಲ್ಲದ ಯೋಚನೆ ನಾವೇ ತಲೆಗೆ ಹಾಕಿದ ಹಾಗಾದರೆ?

ಸಮಾಲೋಚಕಿ: ಹಾಗಾಗಲ್ಲ ಸರ್. ಇದನ್ನು ಎಲ್ಲ ಶಿಕ್ಷಕರಿಗೂ ಹೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಒಳಗೇ ಇಟ್ಟುಕೊಂಡು ಬೇಯ್ತಿದ್ದ ಮಗುವಿಗೆ ‘ಅಬ್ಬ, ಇವರ ಹತ್ತಿರ ಹೇಳಬಹುದು’ ಅನ್ನಿಸುತ್ತೆ. ಕೇಳೋದು ನೇರವಾಗಿರಬೇಕು, ಮೃದುವಾಗಿರಬೇಕು: ‘ತುಂಬ ಬೇಜಾರಾದಾಗ ಕೆಲವರಿಗೆ ಬದುಕೋದೇ ಬೇಡ ಅನ್ನಿಸುತ್ತೆ. ನಿನಗೆ ಹಾಗೆ ಅನ್ನಿಸಿದೆಯಾ?’ ಅಂತ. ‘ಅಂಥ ಹುಚ್ಚು ಯೋಚನೆ ಎಲ್ಲ ಇಲ್ಲ ತಾನೇ?’ ಅಂತ ಕೇಳಿದರೆ ಉತ್ತರ ‘ಇಲ್ಲ’ ಅಂತಲೇ ಬರುತ್ತೆ.

ಮೇಷ್ಟ್ರು: ‘ಹೌದು’ ಅಂದುಬಿಟ್ಟರೆ?

ಸಮಾಲೋಚಕಿ: ಬೈಬಾರದು, ಅಪ್ಪ ಅಮ್ಮನ ತ್ಯಾಗದ ಮಾತು ತೆಗೀಬಾರದು, ಆಣೆ ಹಾಕಿಸಬಾರದು. ಹೇಳಿದ್ದು ಒಳ್ಳೆಯದಾಯ್ತು ಅನ್ನಬೇಕು. ಆ ಗಳಿಗೆಯಿಂದ ಮಗುವನ್ನು ಒಂಟಿಯಾಗಿ ಬಿಡಬಾರದು. ಮನೆಯವರಲ್ಲಿ ಮಗು ನಂಬೋರು ಯಾರು ಅಂತ ಕೇಳಿ ಅವರನ್ನು ಕರೆಸಬೇಕು. ಅವತ್ತೇ ವೈದ್ಯರ ಹತ್ತಿರ ಹೋಗಬೇಕು. ತಕ್ಷಣಕ್ಕೆ 14416 ಇದೆ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ್ದು, ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರು ನೋಟಿಸ್ ಬೋರ್ಡಿನ ಮೂಲೆಯಲ್ಲಿದ್ದರೆ ಸಾಲದು, ಪ್ರತಿ ಮಗುವಿನ ಡೈರಿಯಲ್ಲಿರಬೇಕು. ಹಿಂಸೆ, ದೌರ್ಜನ್ಯ, ಬಾಲ್ಯವಿವಾಹದ ವಿಷಯವಾದರೆ 1098. ಫಲಿತಾಂಶದ ದಿನಕ್ಕಂತೂ ಮೊದಲೇ ತಯಾರಿ ಬೇಕು. ಯಾವ ಮಕ್ಕಳ ಬಗ್ಗೆ ನಿಮಗೆ ಆತಂಕ ಇದೆಯೋ ಅವರ ಪಟ್ಟಿ ಮಾಡಿ, ಒಬ್ಬೊಬ್ಬ ಶಿಕ್ಷಕರು ಇಂತಿಷ್ಟು ಮಕ್ಕಳಿಗೆ ಹಿಂದಿನ ದಿನವೇ ಫೋನ್ ಮಾಡಬೇಕು. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯೋ ಅವಕಾಶ ಇದೆ. ಅದನ್ನು ಮಗುವಿಗೆ ಹೇಳಿರ್ತೀರಿ. ಮನೆಯಲ್ಲಿ ಅಪ್ಪನಿಗೂ ಹೇಳಿ, ಆ ದಿನ ಬಯ್ಯೋ ಬಾಯಿ ಅಲ್ಲಿರುತ್ತೆ.

ಮೇಷ್ಟ್ರು: ಮಗು ‘ಯಾರಿಗೂ ಹೇಳಬೇಡಿ’ ಅಂತ ಮಾತು ತೆಗೆದುಕೊಂಡಿರುತ್ತೆ. ಅಪ್ಪ ಅಮ್ಮನಿಗೆ ಹೇಳಿದರೆ ನಂಬಿಕೆ ಮುರಿದ ಹಾಗಲ್ಲವೇ?

ಸಮಾಲೋಚಕಿ: ಅದಕ್ಕೇ ಮಾತು ಶುರುವಾಗೋ ಮುಂಚೆಯೇ ಹೇಳಿಬಿಡ್ತೀನಿ: ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಮೂರು ಸಂದರ್ಭ ಬಿಟ್ಟು: ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ, ಯಾರಾದರೂ ನಿನಗೆ ಹಿಂಸೆ ಕೊಡ್ತಿದ್ದರೆ, ನಿನ್ನಿಂದ ಬೇರೆಯವರಿಗೆ ಅಪಾಯ ಇದ್ದರೆ. ಆಗಲೂ ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ.’ ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ ನಮಗೆ ಆಯ್ಕೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ವರದಿ ಮಾಡಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಉಳಿದಂತೆ, ಮಗು ಹೇಳಿದ್ದು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಓಡಾಡಬಾರದು. ಒಂದು ಸಲ ಓಡಾಡಿದರೆ ಆಮೇಲೆ ಒಂದು ಮಗುವೂ ಬಾಗಿಲು ತಟ್ಟಲ್ಲ.

ಮೇಷ್ಟ್ರು: ಮನೆಯವರು ಒಪ್ಪಬೇಕಲ್ಲಮ್ಮ. ‘ನನ್ನ ಮಗಳಿಗೆ ಹುಚ್ಚು ಅಂತೀರಾ?’ ಅಂತ ಎದ್ದು ನಿಲ್ತಾರೆ.

ಸಮಾಲೋಚಕಿ: ನಿಲ್ತಾರೆ. ಅವರ ಭಯವೂ ಸುಳ್ಳಲ್ಲ, ನಾಳೆ ಮದುವೆಗೆ ಅಡ್ಡಿಯಾದರೆ ಅನ್ನೋ ಚಿಂತೆ. ನಾನು ಕಾಯಿಲೆಯ ಹೆಸರಿಂದ ಶುರು ಮಾಡಲ್ಲ. ಅವರೇ ನೋಡಿದ್ದರಿಂದ ಶುರು ಮಾಡ್ತೀನಿ: ಊಟ ಸೇರ್ತಾ ಇದೆಯಾ, ರಾತ್ರಿ ನಿದ್ದೆ ಮಾಡ್ತಾಳಾ, ಮುಂಚೆ ಜೊತೆಗಿದ್ದ ಗೆಳತಿಯರು ಈಗ ಮನೆಗೆ ಬರ್ತಾರಾ? ತಾಯಿ ಒಂದೊಂದಕ್ಕೇ ‘ಇಲ್ಲ’ ಅನ್ನುತ್ತಾ ಹೋದಾಗ ಅವರಿಗೇ ಅರ್ಥವಾಗುತ್ತೆ. ಆಮೇಲೆ ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಅಂದರೆ ಒಪ್ಪುತ್ತಾರೆ. ಅದು ಹದಿಹರೆಯದ ಮಕ್ಕಳಿಗೆಂದೇ ಇರೋದು, ರಕ್ತಹೀನತೆಗೂ ಹೋಗ್ತಾರೆ, ಮುಟ್ಟಿನ ತೊಂದರೆಗೂ ಹೋಗ್ತಾರೆ, ಬಾಗಿಲಲ್ಲಿ ಯಾರೂ ಬೆರಳು ತೋರಿಸಲ್ಲ. ಅಲ್ಲಿಂದ ಮುಂದೆ ಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು.

ಮೇಷ್ಟ್ರು: ಎಲ್ಲ ಸರಿ, ದುಡ್ಡು ಎಲ್ಲಿಂದ? ಮನಶ್ಶಾಸ್ತ್ರ ಓದಿದವರು ನಮ್ಮ ಹೋಬಳಿಗೆ ಯಾಕೆ ಬರ್ತಾರೆ?

ಸಮಾಲೋಚಕಿ: ಇಂಥದ್ದೇ ಪ್ರಶ್ನೆಗೆ ನಮ್ಮ ಬಳ್ಳಾರಿ ಎಂದೋ ಉತ್ತರ ಕೊಟ್ಟಿದೆ ಸರ್. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿಯ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆ ಹಳ್ಳಿಯ ಹತ್ತಿರವೇ ಸಿಗೋ ಹಾಗೆ ಮಾಡಿದರು. 1996ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ದೇಶದಲ್ಲಿ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಾಲಂದಾದಲ್ಲಿ ಶಾಲೆಗೆ ಬಂದವರೂ ಮನೋವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ತರಬೇತಿ ಪಡೆದ ಸಾಮಾನ್ಯರು, ಅವರ ಬೆನ್ನಿಗೆ ತಿಳಿದವರ ಮೇಲ್ವಿಚಾರಣೆ. ನಮ್ಮ ತಾಲ್ಲೂಕಿನಲ್ಲಿ ಬಿ.ಎ., ಎಂ.ಎಸ್.ಡಬ್ಲ್ಯು. ಮುಗಿಸಿ ಕೆಲಸ ಹುಡುಕ್ತಿರೋ ಹುಡುಗಿಯರು ಎಷ್ಟು ಮಂದಿ ಇಲ್ಲ? ಇದು ಈಗ ಬರೀ ನಮ್ಮ ಆಸೆಯಾಗಿಯೂ ಉಳಿದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ: ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು. ಚಿಕ್ಕ ಶಾಲೆಯಾದರೆ ಹೊರಗಿನ ತಜ್ಞರ ಜೊತೆ ಕಾಯಂ ಏರ್ಪಾಡು ಇರಬೇಕು. ಅಂಕದ ಮೇಲೆ ಮಕ್ಕಳನ್ನು ಗುಂಪು ಮಾಡೋದು, ಎಲ್ಲರೆದುರು ಅವಮಾನ ಮಾಡೋದು ಬೇಡ ಅಂತಲೂ ಹೇಳಿದೆ.

ಮೇಷ್ಟ್ರು: ಆದೇಶ ಹುದ್ದೆಯಾಗಿ ನಮ್ಮೂರಿಗೆ ಬರೋವರೆಗೆ ನಾನು ಕೈಕಟ್ಟಿ ಕೂರೋಕಾಗಲ್ಲ. ನನ್ನ ಅಧಿಕಾರದಲ್ಲಿ, ಯಾರನ್ನೂ ಕೇಳದೆ ಏನು ಮಾಡಬಹುದು, ಅದನ್ನು ಹೇಳು.

ಸಮಾಲೋಚಕಿ: ಕಿರುಪರೀಕ್ಷೆಯ ಅಂಕ ತರಗತಿಯಲ್ಲಿ ಕೂಗಿ ಓದೋದು ನಾಳೆಯಿಂದಲೇ ನಿಲ್ಲಲಿ. ಶಿಕ್ಷಣ ಹಕ್ಕು ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಅದನ್ನು ಎಲ್ಲ ಶಿಕ್ಷಕರಿಗೂ ನೆನಪಿಸಿ. ಪೆಟ್ಟಿಗೆಯ ಜಾಗ ಬದಲಾಗಲಿ. ತಿಂಗಳಿಗೊಮ್ಮೆ ಶಿಕ್ಷಕರೆಲ್ಲ ಕೂತು ಮಕ್ಕಳ ಬಗ್ಗೆ ಮಾತಾಡಿ, ಅಂಕ ಬಿಟ್ಟು: ಯಾರು ಎರಡು ವಾರದಿಂದ ಬದಲಾಗಿದ್ದಾರೆ, ಯಾರು ಒಬ್ಬರೇ ಕೂತು ಊಟ ಮಾಡ್ತಾರೆ, ಯಾರು ಬೇಸಿಗೆಯಲ್ಲೂ ತುಂಬುತೋಳು ಮಡಚದೆ ಇರ್ತಾರೆ, ಯಾರ ಅಕ್ಷರ ಇದ್ದಕ್ಕಿದ್ದ ಹಾಗೆ ಕೆಟ್ಟಿದೆ. ಗಮನಿಸೋದು ನಿಮ್ಮ ಕೆಲಸ, ಅದನ್ನು ನಿಮ್ಮಷ್ಟು ಚೆನ್ನಾಗಿ ನಾವು ಮಾಡಲಾರೆವು. ಹಾಗೆ ಗಮನಿಸಿದ ಮಗುವನ್ನು ಎಲ್ಲಿಗೆ ಕಳಿಸೋದು ಅನ್ನೋದಕ್ಕೆ ಸ್ನೇಹ ಕ್ಲಿನಿಕ್‌ನವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಗುರುವಾರ ಮಧ್ಯಾಹ್ನ ನಾನು ಬರ್ತೀನಿ, ಗ್ರಂಥಾಲಯದ ಒಳಕೋಣೆ ಬಿಟ್ಟುಕೊಡಿ. ಆದರೆ ಸರ್, ಇದು ಯಾವುದೂ ಆ ಹುದ್ದೆಯ ಬದಲಿ ಅಲ್ಲ. ವಾರಕ್ಕೊಂದು ಮಧ್ಯಾಹ್ನ ಬಂದುಹೋಗೋ ನನ್ನ ಹತ್ತಿರ ಹೇಳಿಕೊಳ್ಳೋಕೆ ಮಗುವಿನ ಕಷ್ಟ ಗುರುವಾರದವರೆಗೆ ಕಾಯಲ್ಲ.

ಮೇಷ್ಟ್ರು: ಒಪ್ಪಿದೆ. ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಮಾಡಿಸ್ತೀನಿ, ಬಿಇಒ ಕಚೇರಿಗೆ ನಾನೇ ಬರೀತೀನಿ. ಗಣಿತದ ಹುದ್ದೆ ಖಾಲಿ ಬಿದ್ದರೆ ಒಂದು ಪತ್ರ ಹಾಕಿ ಸುಮ್ಮನಾಗಲ್ಲ ನಾವು. ತಿಂಗಳು ತಿಂಗಳು ಬರೀತೀವಿ, ಹೋಗಿ ಕೂರ್ತೀವಿ, ಊರವರನ್ನೂ ಕರ್ಕೊಂಡು ಹೋಗ್ತೀವಿ. ಗಣಿತ ಕಲಿಸೋರಿಲ್ಲದ ಶಾಲೆಯನ್ನು ಶಾಲೆ ಅಂತ ಒಪ್ಪದ ನಾವು, ಮಗುವಿನ ಮಾತು ಕೇಳಿಸಿಕೊಳ್ಳೋರಿಲ್ಲದ ಶಾಲೆಯನ್ನು ಇಷ್ಟು ದಿನ ಒಪ್ಪಿಕೊಂಡು ಬಂದಿದ್ದೀವಿ. ಇನ್ನು ಮೇಲೆ ಖಾಲಿ ಹುದ್ದೆಗಳ ಪಟ್ಟಿ ಕಳಿಸುವಾಗಲೆಲ್ಲ ಅದರಲ್ಲಿ ಆಪ್ತ ಸಮಾಲೋಚಕರು ಅಂತ ಒಂದು ಸಾಲು ಇದ್ದೇ ಇರುತ್ತೆ. ನಮೂನೆಯಲ್ಲಿ ಆ ಕಲಂ ಇಲ್ಲದಿದ್ದರೆ ಕೈಯಲ್ಲೇ ಗೆರೆ ಎಳೆದು ಸೇರಿಸ್ತೀನಿ.